ನೂರಿಪ್ಪತ್ತೈದು

ವುಲ್ವರ್‌ಹ್ಯಾಂಪ್ಟನ್ನಿನ ರೈಲುಸೇತುವೆಯಡಿಯ ನನ್ನ ಗ್ಯಾರೇಜಿಗೆ
ಶನಿವಾರ ಬಂದಳು ಅರ್ನೆಸ್ಟೀನ್,
ಮೂವತ್ತೊಂದು ವರ್ಷ ಸಿಟಿಬಸ್ಸು ಓಡಿಸಿದವಳು.
ಊರಿಗೆ, ಗ್ರೆನಡಾಕ್ಕೆ, ಮರಳುತ್ತಾಳಂತೆ; ಹಡಗಿಗೆ ಹಾಕಲು ಬೈಕು ಬೇಕು.

ಆರುನೂರು ಸಿಸಿಯ ಕೆಂಪು ಗಾಡಿಯ ಹೊದಿಕೆ ಸರಿಸಿದೆ.
"ಉಪ್ಪುಗಾಳಿಗೆ ಈ ಥಳಕು ಎಷ್ಟು ದಿನ, ಮಗಾ?"
ಮೂಲೆಯ ನೂರಿಪ್ಪತ್ತೈದರ ಮುಂದೆ ಕುಕ್ಕರಗಾಲಲ್ಲಿ ಕೂತಳು.
ಚೈನಿಗೆ ಕವರಿದೆಯಾ, ಕ್ಲಚ್ ವೈರು ಅಲ್ಲಿ ಸಿಗುತ್ತಾ,
ಹಿಂದೆ ಮೀನಿನ ಕ್ರೇಟು ಕೂರುತ್ತಾ,
ಏರಿನಲ್ಲಿ ತಮ್ಮನನ್ನೂ ಹೊರುತ್ತಾ —
ತಮ್ಮ ತೊಂಬತ್ತು ಕೇಜಿಯಂತೆ.

ಹತ್ತಿ ಕೂತಳು. ಎರಡು ಕಾಲೂ ನೆಲಕ್ಕೆ ತಾಗಿದವು.
ಕಿಕ್ಕರ್ ತುಳಿದಳು. ಸುಮ್ಮನಿತ್ತು.
ಮತ್ತೆ ತುಳಿದಳು. ಕೆಮ್ಮಿತು, ಹಿಡಿಯಿತು;
ನೆತ್ತಿಯ ಮೇಲೆ ಬರ್ಮಿಂಗ್‌ಹ್ಯಾಮ್ ರೈಲು ಹೋದರೂ
ಅವಳ ಕಿವಿ ಎಂಜಿನ್ನಿನಲ್ಲೇ.

ರಸೀದಿ ಬರೆಯುತ್ತ "ಬಣ್ಣ?" ಅಂದೆ.
ಆಗ ತಿರುಗಿ ನೋಡಿದಳು.
"ಓ, ಹಸಿರಾ."