ಹಿಂದೆ ಬರುವವರ ಪಾಲು

ಬಾಲ ಬಿಚ್ಚಬೇಡ ಅಂತ ಯಾರೂ ಹೇಳಲಿಲ್ಲ,
ಹೇಳಬಹುದಾದವರು ಆ ಭಾನುವಾರ ಮಲಗಿದ್ದರು.
ಬಿಚ್ಚಿದೆ. ಹತ್ತು ಮಿಲಿಮೀಟರಿನ ನಾಲ್ಕು ಬೋಲ್ಟು,
ತುಕ್ಕು ಹಿಡಿದ ಐದನೆಯದು ತಲೆ ಕಳಚಿಕೊಂಡೇ ಬಂತು.

ಅನ್ನಾಬೆರ್ಗಿನ ಇಳಿಜಾರು, ಬೇಕರಿಯ ಹಿಂದಿನ ಶೆಡ್ಡು,
ಇಲ್ಲಿ ಗ್ರೀಸಿನ ಮೇಲೂ ಹಿಟ್ಟಿನ ಧೂಳು ಕೂರುತ್ತದೆ.
ಕಂಪನಿ ಕೊಟ್ಟ ಹಿಂಬದಿ ಮಡ್‌ಗಾರ್ಡು
ಮೊಳದುದ್ದ, ಕಪ್ಪು ಪ್ಲಾಸ್ಟಿಕ್ಕು,
ಮಳೆಯಲ್ಲಿ ನೆನೆದ ಬಾತುಕೋಳಿಯ ಹಾಗೆ ಜೋತುಬಿದ್ದಿತ್ತು.
ಗರಗಸ ಹಾಕಿದೆ. ಹಾಕುವಾಗಿನ ಸುಖ
ಏನು ಹೇಳಲಿ, ನಲವತ್ಮೂರನೇ ವಯಸ್ಸಿನಲ್ಲಿ
ಶಾಲೆಯ ಬೆಂಚು ಕೆತ್ತಿದ ಸುಖ.

ಹಳೆಯ ಬ್ರೆಡ್ ಟ್ರೇ ಒಂದನ್ನು ಕತ್ತರಿಸಿ, ಬಾಗಿಸಿ
ನಂಬರ್ ಪ್ಲೇಟಿಗೆ ತೋಳು ಮಾಡಿದೆ.
ಸಾಲು ತೂತಿನ ಅಲ್ಯುಮಿನಿಯಂ,
ಎಷ್ಟು ಉಜ್ಜಿದರೂ ಅಂಚಿನಲ್ಲಿ ಸುಟ್ಟ ರೈ ಹಿಟ್ಟಿನ ಕರೆ.
ಕಡ್ಡಿಯಂಥ ಇಂಡಿಕೇಟರು, ಉಗುರಿನಷ್ಟು ಕೆಂಪು ದೀಪ.
ಹಚ್ಚಿದರೆ, ರೈಲು ತಪ್ಪಿದವನ ಎದೆಯಂತೆ
ಪಟಪಟ ಪಟಪಟ.
ಎಲ್‌ಇಡಿ ಕುಡಿಯುವುದು ಕಡಿಮೆ; ಹಳೆಯ ರಿಲೇಗೆ
ಬಲ್ಬೊಂದು ಸತ್ತೇಹೋಯಿತೆಂಬ ಗಾಬರಿ.

ಆದರೂ ದೂರ ನಿಂತು ನೋಡಿದೆ:
ಈಗಷ್ಟೇ ಹಾರಲಿರುವ ಕಣಜ.
ಮೊದಲ ಮಳೆಗೇ ಬೆನ್ನ ಮೇಲೆ ಕುತ್ತಿಗೆವರೆಗೆ
ಕೆಸರಿನ ಪಟ್ಟೆ. ಕಣಜಕ್ಕೂ ಪಟ್ಟೆಯಿರುತ್ತದಲ್ಲ, ಅಂದುಕೊಂಡೆ.

ಪರೀಕ್ಷಾ ಕೇಂದ್ರದಲ್ಲಿ ಫ್ರಾವ್ ತ್ಶೋಕೆ.
ಬ್ರೇಕು ಸರಿ. ಹೊಗೆ ಸರಿ. ಟೈರು, ಚೈನು, ಹಾರನ್ನು ಸರಿ.
ಆನೆ ಪೂರ್ತಿ ದಾಟಿ ಬಾಲ ಸಿಕ್ಕಿಕೊಂಡಿತು.
ಮಂಡಿಯೂರಿದಳು, ಅರವತ್ತರ ಮಂಡಿ ಲಟಕ್ಕೆಂದಿತು,
ಕೋನಮಾಪಕ ಹಿಡಿದಳು.
"ಪ್ಲೇಟು ಯಾರು ಓದಲಿ ಅಂತ, ನಕ್ಷತ್ರಗಳೇ?"
ದೀಪದ ಗಾಜಿನಲ್ಲಿ ವೃತ್ತದೊಳಗಿನ ‘ಇ’ ಮುದ್ರೆ ಹುಡುಕಿದಳು,
ಇರಲಿಲ್ಲ. ಪ್ಲೇಟಿಗೆ ಬೆಳಕಿರಲಿಲ್ಲ. ಕೆಂಪು ರಿಫ್ಲೆಕ್ಟರು
ಕತ್ತರಿಸಿದ ತುಂಡಿನ ಜೊತೆ ಶೆಡ್ಡಿನಲ್ಲೇ ಉಳಿದಿತ್ತು.
ಆಮೇಲೆ ಸೀಟಿನ ಮೇಲೆ ಇಡೀ ಮೈಭಾರ ಹಾಕಿ ಒತ್ತಿದಳು:
ಟೈರು ಮೇಲೆದ್ದು ಪ್ಲೇಟಿನ ಅಂಚು ನೆಕ್ಕಿತು.
"ಹಿಂದೆ ಒಬ್ಬರು ಕೂತು ಒಂದು ಗುಂಡಿ ಬಂದರೆ ಸಾಕು,
ಕೊನೆಯ ಅಂಕಿ ಅದರ ಹೊಟ್ಟೆಗೆ."

ಬೈಯಲಿಲ್ಲ. ಅದೇ ಕಷ್ಟ.
ಸಹಿ ಹಾಕುತ್ತ ಅಂದಳು: "ಗಾಡಿಯೆಲ್ಲ ನಿಮ್ಮದು.
ಬಾಲ ಮಾತ್ರ ಹಿಂದೆ ಬರುವವರದು."
ಸೋಮವಾರ ಬೆಳಗ್ಗೆ ಎಂಟಕ್ಕೆ
ಇಷ್ಟು ದೊಡ್ಡ ಮಾತು ಬೇಕಿತ್ತೇ ಅನ್ನಿಸಿತು ನನಗೆ.

ಮತ್ತೆ ಮೂರು ವಾರ. ತೋಳು ಎರಡು ಬೆರಳು ಉದ್ದ,
ಕೋನ ಇಳಿಕೆ, ಮುದ್ರೆಯ ದೀಪ, ಹೊಸ ರಿಲೇ.
ವೈರು ಟ್ರೇಯ ತೂತುಗಳಲ್ಲೇ ತೂರಿತು,
ಬ್ರೆಡ್ಡಿಗೆ ಗಾಳಿಯಾಡಲೆಂದು ಕೊರೆದದ್ದು
ಅದಕ್ಕೇ ಅಳತೆ ಕೊಟ್ಟ ಹಾಗಿತ್ತು.
ಕಣಜ ಹೋಯಿತು. ತುಸು ಬಾತುಕೋಳಿ ವಾಪಸು ಬಂತು.
ಸ್ಟಿಕ್ಕರು ಬಿತ್ತು.

ನವೆಂಬರು. ರಾತ್ರಿ ಎರಡೂವರೆ.
ಕೆಳಗಿನೂರಿನ ಅಂಗಡಿಗೆ ಹೊರಟಾಗ ಯೋರ್ಡಿಸ್ ಬೈಕು ಕೇಳಿದಳು,
ಕೆಲಸ ಕಲಿಯುವ ಹುಡುಗಿ, ಲೈಸೆನ್ಸು ಬಂದು ಒಂಬತ್ತು ದಿನ.
ನಾದಿದ ಹಿಟ್ಟಿನ ತೊಟ್ಟಿ ಹೇರಿದ ವ್ಯಾನಿನಲ್ಲಿ ನಾನು ಹಿಂದೆ.
ಮಂಜು ಎಂದರೆ ಮಂಜು,
ವೈಪರು ಸುಮ್ಮನೆ ತಲೆಯಾಡಿಸುತ್ತಿತ್ತು.

ಹನ್ನೊಂದು ವರ್ಷ ಓಡಿಸಿದ ನನ್ನ ಗಾಡಿಯ ಬೆನ್ನು,
ಓಡುವಾಗ ನಾನು ನೋಡಿದ್ದು ಅದೇ ಮೊದಲು.
ದೊಡ್ಡದೇನಲ್ಲ. ಒಂದು ಕೆಂಪು. ಅದರಡಿ
ತೊಳೆದಿಟ್ಟ ತಟ್ಟೆಯ ಹಾಗೆ ಪ್ಲೇಟು.
ಓದಿದೆ. ಮತ್ತೆ ಓದಿದೆ. ಯಾರದೋ ಎಂಬಂತೆ.

ಚರ್ಚಿನ ತಿರುವಿನಲ್ಲಿ ಎಡಕ್ಕೆ ಹಾಕಿದಳು, ತಿರುಗಿದಳು,
ಆರಿಸಲು ಮರೆತಳು.
ನೆಟ್ಟಗಿನ ದಾರಿ ಆರು ಕಿಲೋಮೀಟರು
ಎಡಕ್ಕೆ, ಎಡಕ್ಕೆ, ಎಡಕ್ಕೆ ಎನ್ನುತ್ತ ಹೊಸ ರಿಲೇ
ಗಾಬರಿಯೇ ಇಲ್ಲದೆ ಬಡಿಯುತ್ತಿತ್ತು.
ಹಾರನ್ನಿನ ಮೇಲೆ ಕೈಯಿಟ್ಟೆ. ಒತ್ತಲಿಲ್ಲ.
ಬೆನ್ನ ಹಿಂದೆ, ಕತ್ತಲಲ್ಲಿ, ಹಿಟ್ಟು ಉಬ್ಬುತ್ತಿತ್ತು.