ಒಂದು ಮನೆಗೊಂದು ಕಂಬ

ಫೆಬ್ರವರಿಯಲ್ಲಿ ಯಾರೂ ಕಂಬ ನೆಡಿಸುವುದಿಲ್ಲ ನೀಗಾತಾದಲ್ಲಿ.
ಮೊಣಕಾಲುದ್ದ ಹಿಮ, ಅದರಡಿಗೆ ಕಲ್ಲಿನಂಥ ಮಣ್ಣು.
ಕುರೊಯಿವಾ ಸಾನ್ ಕಾಯಲಾರೆ ಅಂದರು,
ಎಪ್ಪತ್ತೊಂಬತ್ತಾಯಿತಂತೆ, ಕಿವಿ ಕಾಯುವುದಿಲ್ಲವಂತೆ.

ಬೀದಿಗೆಲ್ಲ ಒಂದೇ ಟ್ರಾನ್ಸ್‌ಫಾರ್ಮರ್,
ಮೂವತ್ತೊಂದು ವರ್ಷ ನಾನು ಕಂಡದ್ದು ಅಷ್ಟೇ.
ಇವರಿಗೆ ಮಾತ್ರ ಬೇರೆ ಕಂಬ, ಬೇರೆ ತಂತಿ,
ಯಾರ ಮನೆಯಲ್ಲೂ ಎಂಜಲಾಗದ ಕರೆಂಟು.
‘ಪಕ್ಕದವರ ಫ್ರಿಜ್ಜು ಬಂದು ಪಿಟೀಲಿನೊಳಗೆ ಕೂರುತ್ತದೆ,
ಎದುರು ಮನೆಯ ಕುಕ್ಕರು ಚೆಲ್ಲೋದ ಹೊಟ್ಟೆಯಲ್ಲಿ ಗೊಣಗುತ್ತದೆ’
ಎಂದು ಅರ್ಜಿಯಲ್ಲಿ, ಕಾರಣದ ಕಾಲಮಿನಲ್ಲಿ,
ತೀಡಿ ತೀಡಿ ಬರೆದಿದ್ದರು.
ಕಚೇರಿ ನಕ್ಕಿತು. ಮೊಹರು ಹಾಕಿತು. ದುಡ್ಡು ಕಟ್ಟಿದ್ದರಲ್ಲ.

ಕಂಬ ನಿಂತ ಸಂಜೆ ಒಳಗೆ ಕರೆದರು.
ಬೂಟು ಬಿಚ್ಚಿದೆ, ಕಾಲುಚೀಲದ ತೂತನ್ನು
ಇನ್ನೊಂದು ಕಾಲಿನಿಂದ ಮುಚ್ಚಿಕೊಂಡೆ.
ಗೋಡೆಯಿಂದ ಗೋಡೆಗೆ ರೆಕಾರ್ಡುಗಳು, ಬೆನ್ನು ತೋರಿಸಿ.
ಬೀರುವಿನಷ್ಟೆತ್ತರದ ಸ್ಪೀಕರು
ಆ ಮೂಲೆಗೊಂದು, ಈ ಮೂಲೆಗೊಂದು,
ನಡುವೆ, ನೆಲಕ್ಕೆ ಸೀಮೆಸುಣ್ಣದ ಗುರುತಿದ್ದಲ್ಲಿ,
ಒಂದೇ ಒಂದು ಕುರ್ಚಿ.

ಫುಸಾಎ ಸಾನ್ ಚಹಾ ತಂದು ಹೊಸಿಲಲ್ಲೇ ಇಟ್ಟರು.
‘ನಾನು ಅಡುಗೆಮನೆಯಿಂದ ಕೇಳುತ್ತೇನೆ, ನಲವತ್ತು ವರ್ಷದಿಂದ.’
ದೂರೋ, ವರದಿಯೋ, ತಿಳಿಯಲಿಲ್ಲ.

ಅರವತ್ತೊಂದರ ಮೊದಲ ಅಚ್ಚು.
ಭಟ್ಟಿ ಇಳಿಸಿದ ನೀರಲ್ಲಿ ತೊಳೆದದ್ದು.
ಬರಿಯ ಅಂಚಲ್ಲಿ ಹಿಡಿದು, ದೀಪಕ್ಕೆ ವಾಲಿಸಿ,
ಕೂಸಿನ ನೆತ್ತಿ ನೋಡುವ ಹಾಗೆ ನೋಡಿದರು.
‘ಗೀರು ಒಂದೇ, ಗೀರಿಗೆ ದಂಡೆ ಎರಡು.
ಎಡದಂಡೆಯಲ್ಲಿ ಎಡದ ಸ್ವರ, ಬಲದಂಡೆಯಲ್ಲಿ ಬಲದ್ದು,
ಸೂಜಿ ಎರಡನ್ನೂ ಸವರುತ್ತ ಹೋಗಬೇಕು.
ಪ್ರಾಗ್ ಊರಾಚೆಯ ಒಂದು ಇಗರ್ಜಿ ಇದು.
ಕಮಾನು ತಂತಿಗೆ ತಾಗುವ ಮೊದಲು, ಎಡಗಡೆ,
ಆ ಹೆಂಗಸು ಉಸಿರೆಳೆದುಕೊಳ್ಳುತ್ತಾಳೆ.
ಆಮೇಲೆ ಬಲಗಡೆ, ಬಹಳ ದೂರ, ಒಂದು ಟ್ರಾಮ್.’

ಪಕ್ಕದ ಮನೆಯ ಫ್ರಿಜ್ಜು ಬೇಡ,
ಅರವತ್ತು ವರ್ಷ ಹಿಂದಿನ ಟ್ರಾಮ್ ಬೇಕು!
ಇಷ್ಟಕ್ಕೆ ಹನ್ನೆರಡು ಮೀಟರಿನ ಕಂಬ.

ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದರು.
ಬೇಡವೆಂದೆ, ಬಿಡಲಿಲ್ಲ.
ಆಗಲೇ ಹೇಳಬೇಕಿತ್ತು, ಹೇಳಲಿಲ್ಲ:
ತೊಂಬತ್ತೆಂಟರಲ್ಲಿ, ಉಪಕೇಂದ್ರದಲ್ಲಿ
ಎಣ್ಣೆ ಕುದಿದು ಸಿಡಿದ ರಾತ್ರಿ
ನನ್ನ ಎಡಗಿವಿ ಹೋಯಿತು.
ಅಂದಿನಿಂದ ಜಗತ್ತು ಒಂದೇ ಬದಿಗಿದೆ.
ಯಾರಾದರೂ ಕೂಗಿದರೆ ಎತ್ತಣಿಂದ ಎಂದು ತಿಳಿಯದೆ
ನಡುಬೀದಿಯಲ್ಲಿ ಬುಗುರಿಯಂತೆ ಸುತ್ತ ತಿರುಗುತ್ತೇನೆ.

ಸೂಜಿ ಬಿದ್ದರೂ ಕೇಳುವ ಮೌನ ಅನ್ನುತ್ತಾರಲ್ಲ,
ಅಂಥ ಮೌನ. ಸೂಜಿ ಬಿತ್ತು.
ಹಿಮದ ಮೇಲೆ ಬೆಕ್ಕು ನಡೆದಂತೆ ಮೊದಲ ಸುತ್ತು.
ಆಮೇಲೆ, ಹೌದು, ಉಸಿರು.
ಮೋಟಾದದ್ದು, ತುಸು ಹೆದರಿದ್ದು,
ಎದೆಯ ತಳದಿಂದ ಸೇದಿದ್ದು.

ಕುರೊಯಿವಾ ಸಾನ್ ನನ್ನ ಮುಖವನ್ನೇ ನೋಡುತ್ತಿದ್ದರು,
ಫಲಿತಾಂಶದ ಹಲಗೆಯಲ್ಲಿ ತನ್ನ ನಂಬರು ಹುಡುಕುವವನ ಹಾಗೆ.
‘ಕೇಳಿಸಿತೆ? ಇದೆಯೆ ಅದು, ಈಗಲೂ?’
ಎಷ್ಟು ದಿನದಿಂದ ಅವರಿಗದು ಸಿಕ್ಕಿರಲಿಲ್ಲವೋ.
ಕರೆಂಟಿನ ಮೇಲೆ ಹೊರಿಸಿದ್ದರು.

‘ಇದೆ,’ ಅಂದೆ. ‘ಎಡಗಡೆ.’

ಎಡವೋ, ಬಲವೋ, ಬೆನ್ನ ಹಿಂದೋ, ನಾನೇನು ಬಲ್ಲೆ.
ಅಡುಗೆಮನೆಯ ಬಾಗಿಲು ತೆರೆದೇ ಇತ್ತು.
ಪಾತ್ರೆ ತೊಳೆಯುವ ಸದ್ದು ನಿಂತು
ಆಗಲೇ ಎಷ್ಟೋ ಹೊತ್ತಾಗಿತ್ತು.

ಟ್ರಾಮ್ ಬಂತೋ ಇಲ್ಲವೋ ನೆನಪಿಲ್ಲ.
ಚೆಲ್ಲೋ ಚೆನ್ನಾಗಿಯೇ ಇದ್ದಿರಬೇಕು.

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದಕ್ಕೆ
ನನಗೆ ಆ ಕಿವಿ ಇಲ್ಲ.
ಒಳಗೇ ಉಳಿದಿದೆ.
ಕಂಬದ ತುದಿಯಲ್ಲಿ, ಗಾಳಿ ನಿಂತ ಗಳಿಗೆಯಲ್ಲಿ, ಒಮ್ಮೊಮ್ಮೆ
ಯಾರೋ ಏನೋ ಶುರುಮಾಡುವ ಮೊದಲು ಉಸಿರೆಳೆದುಕೊಳ್ಳುತ್ತಾರೆ.
ಸೊಂಟದ ಪಟ್ಟಿ ಬಿಗಿದಷ್ಟೂ ಮಟ್ಟಿಗೆ
ಸುತ್ತ ತಿರುಗಿ ನೋಡುತ್ತೇನೆ.