ಗೆರೆಯ ದಪ್ಪ

ಎಪ್ಪತ್ತೈದಕ್ಕೆ ಇಳಿಸಬೇಕು, ಎಂದರು ಸಾಹೇಬರು,
ಜ್ವರದ ಮಾತಾಡಿದ ಹಾಗೆ.
ಯುರೋಪಿನ ಯಾವುದೋ ಬ್ಯಾಂಕಿನ ನಿಯಮ:
ಜಿಲ್ಲೆಯ ಸರಾಸರಿ ವರಮಾನ ನೂರೆಂದರೆ
ಎಪ್ಪತ್ತೈದರ ಒಳಗಿದ್ದವರಿಗೆ ಮಾತ್ರ ದುಡ್ಡು.
ನಮ್ಮ ಬಿಳಿಗಲ್ಲು ಹೋಬಳಿ ಎಂಬತ್ತೊಂದು.
ಆರು ಅಂಕದಷ್ಟು ಸುಖ ಹೆಚ್ಚಾಗಿತ್ತು.

ಶಿವಮೊಗ್ಗದ ಕಚೇರಿಯಲ್ಲಿ ನಾನು
ಮೂವತ್ತೊಂದು ವರ್ಷದ ನಕ್ಷೆಗಾರ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು
ಅಜ್ಜಿ ಬೈಯುತ್ತಿದ್ದಳಲ್ಲ, ಇದು ಅದರ ಉಲ್ಟಾ:
ಮುಡಿದದ್ದನ್ನು ಕಿತ್ತು ಕಿಸೆಗಿಟ್ಟುಕೊಂಡು
ಹೊಟ್ಟೆ ಒಳಗೆಳೆದು ಫೋಟೋಕ್ಕೆ ನಿಲ್ಲುವುದು.

ಮೊದಲು ಚಂದಯ್ಯ ಶೆಟ್ಟರ ರೈಸ್‌ಮಿಲ್ಲು.
ಪಕ್ಕದ ಹೋಬಳಿಗೆ ತಳ್ಳಿದೆ. ಎಪ್ಪತ್ತೆಂಟು.
ತೀರ್ಥಹಳ್ಳಿ ದಾರಿಯ ಪೆಟ್ರೋಲ್ ಬಂಕು ತಳ್ಳಿದೆ.
ಎಪ್ಪತ್ತಾರೂವರೆ.
ಹಳ್ಳದಾಚೆಯ ಎರಡು ಬಡ ಕೇರಿ ಈಚೆಗೆಳೆದೆ,
ಕಂಬಳಿ ಎಳೆದುಕೊಂಡಂತೆ.
ಎಪ್ಪತ್ತನಾಲ್ಕು ಪಾಯಿಂಟ್ ಒಂಬತ್ತು!
ಸಾಹೇಬರು ಎಲ್ಲರಿಗೂ ಟೀ ತರಿಸಿದರು,
ನನಗೆ ಬೋಂಡವನ್ನೂ.

ಶೆಟ್ಟರ ಎರಡಂತಸ್ತಿನ ಮನೆ ರಸ್ತೆಯ ಈ ಬದಿ.
ಹಾಗಾಗಿ ಅವರೀಗ ಹಿಂದುಳಿದವರು.
ಅವರ ಗೇಟಿನೆದುರೇ ಮೊದಲ ಸೋಲಾರ್ ದೀಪ,
ಕಂಬಕ್ಕೆ ನೀಲಿ ತಗಡು,
ತಗಡಿನ ಮೇಲೆ ಹನ್ನೆರಡು ಹಳದಿ ನಕ್ಷತ್ರ.

ಮಿಲ್ಲಿನ ಹಿಂದೆ ನುಚ್ಚು ಕೇರುವವರ ಲೈನು.
ಅಲ್ಲಿಂದ ಖೈರುನ್ನೀಸಾ ಬಂದಳು, ಎರಡು ಬಸ್ಸು ಬದಲಿಸಿ,
ಹುಬ್ಬಿನ ಮೇಲೆ ಇನ್ನೂ ತೌಡು.
ಈ ಹೋಬಳಿಯವರು ಆ ಕಡೆ ಹೋಗು ಅಂದರು,
ಆ ಹೋಬಳಿಯವರು ಈ ಕಡೆ.
ನಾವು ಯಾವ ಕಡೆ ಬಡವರು, ಸಾರ್?

ನಕ್ಷೆ ಬಿಚ್ಚಿ ಭೂತಗನ್ನಡಿ ಹಿಡಿದೆ.
ಐವತ್ತು ಸಾವಿರಕ್ಕೊಂದರ ಅಳತೆ;
ನನ್ನ ಗೆರೆ ಅರ್ಧ ಮಿಲ್ಲಿಮೀಟರು ದಪ್ಪ,
ನೆಲದಲ್ಲಿ ಅದು ಇಪ್ಪತ್ತೈದು ಮೀಟರು.
ಬಾಯಿಲೆಕ್ಕ. ಇಷ್ಟು ವರ್ಷ ಮಾಡಿರಲಿಲ್ಲ.
ಆಚೆಯೂ ಇರಲಿಲ್ಲ ಅವರು, ಈಚೆಯೂ ಇರಲಿಲ್ಲ.
ಗೆರೆಯ ಕಪ್ಪಿನೊಳಗೇ ಇದ್ದರು:
ಆರು ಮನೆ, ಒಂದು ಬೋರ್‌ವೆಲ್ಲು,
ಗೂಟಕ್ಕೆ ಕಟ್ಟಿದ ಒಂದು ಆಡು.

ಅವಳು ಬಾಗಿ ನೋಡಿದಳು.
ಸೆರಗಿನಿಂದ ನುಚ್ಚಿನ ಕಾಳೊಂದು ಉದುರಿ
ಪೆಟ್ರೋಲ್ ಬಂಕಿನ ಮೇಲೆ ಕೂತಿತು.
ಎಂಜಲು ಹಚ್ಚಿ, ಬೆರಳಿಂದ
ಗೆರೆಯನ್ನು ಒಂದು ಸಲ ಉಜ್ಜಿದಳು.

ಹೋಗುವುದಿಲ್ಲಮ್ಮ ಅದು, ಎಂದೆ.
ಒಳ್ಳೆಯ ಶಾಯಿ. ಜರ್ಮನಿಯದು.
ನಾನೇ ಹೇಳಿ ತರಿಸಿದ್ದು.